ವೇಲ್ಸಿನ ಕೌಲ್: ಮರುದಿನದ ರುಚಿ

ನಿನ್ನೆಯ ಹುಳಿಯೇ ಇಂದು ರುಚಿಯೆಂಬುದನ್ನು ವಾಚಕ ಮಹಾಶಯರು ಬಲ್ಲರು. ಹೋಟೆಲು ನಡೆಸುತ್ತಿದ್ದಾಗ ಗಿರಾಕಿಗಳೆದುರು ಈ ಮಾತನ್ನಾಡುವ ಧೈರ್ಯ ಮಾತ್ರ ನಮಗಿರಲಿಲ್ಲ! ವೇಲ್ಸ್ ನಾಡಿನವರಾದರೋ ಇದನ್ನು ಅಭಿಮಾನದಿಂದಲೇ ಹೇಳಿಕೊಳ್ಳುತ್ತಾರೆ. ಅವರ 'ಕೌಲ್' ಎಂಬ ಮಾಂಸ-ತರಕಾರಿಗಳ ಸಾರು ಮೊದಲ ದಿನ ಬೆಂದು, ಮರುದಿನ ಮತ್ತೆ ಕಾದಾಗಲೇ ಹದಗೊಳ್ಳುವುದಂತೆ. ಹಿಂದೆ ರೈತರ ಮನೆಗಳಲ್ಲಿ ಉಪ್ಪು ಹಾಕಿಟ್ಟ ಹಂದಿಮಾಂಸದಿಂದ ಇದನ್ನು ಮಾಡುತ್ತಿದ್ದರು. ಈಗ ಕುರಿಮರಿಯ ಮಾಂಸವೇ ಹೆಚ್ಚು.

ಎಲುಬು ಸಹಿತವಾದ ಕತ್ತಿನ ಮಾಂಸ 1 ಕಿಲೋ ತೆಗೆದುಕೊಂಡು, ಮುಳುಗುವಷ್ಟು ನೀರು ಮತ್ತು ಉಪ್ಪು ಸೇರಿಸಿ, ನೊರೆ ತೆಗೆಯುತ್ತ ಮಂದಾಗ್ನಿಯಲ್ಲಿ 2 ಗಂಟೆ ಬೇಯಿಸಬೇಕು. ಕುದಿತ ಜೋರಾದರೆ ಸಾರು ಕದಡುತ್ತದೆ. ತಣಿಸಿಟ್ಟರೆ ಬೆಳಗ್ಗೆ ಕೊಬ್ಬು ಮೇಲೆ ಹೆಪ್ಪುಗಟ್ಟಿರುತ್ತದೆ, ಅದನ್ನು ತೆಗೆದುಬಿಡಬೇಕು. ಆದರೆ ಮುಂಬಯಿಯ ಸೆಕೆ ವೇಲ್ಸಿನ ಚಳಿಯಲ್ಲ. ಪಾತ್ರೆಯು ಆರಿದೊಡನೆ ಫ್ರಿಜ್ಜಿಗೆ ಸೇರತಕ್ಕದ್ದು. ಈ ವಿಷಯದಲ್ಲಿ ಹೋಟೆಲಿನವರ ಮಾತನ್ನು ನಂಬಬಹುದು.

ಮರುದಿನ ಅದೇ ಸಾರಿನಲ್ಲಿ ಆಲೂಗಡ್ಡೆ, ಗಜ್ಜರಿ, ಸ್ವೀಡ್ ಎಂಬ ಹಳದಿ ಗೆಡ್ಡೆ, ಅದು ದೊರೆಯದಿದ್ದರೆ ಟರ್ನಿಪ್, ದೊಡ್ಡ ಹೋಳುಗಳಾಗಿ ಬೇಯಬೇಕು. ಈರುಳ್ಳಿಯ ಕುಲದ ಲೀಕ್ ಮಾತ್ರ ಕಡೆಯ 10 ನಿಮಿಷಕ್ಕೆ. ಅದು ವೇಲ್ಸಿನ ಲಾಂಛನ. ಮಾರ್ಚ್ 1ರ ಸಂತ ಡೇವಿಡ್ಡರ ಹಬ್ಬದಂದು ಅಂಗಿಗೆ ಸಿಕ್ಕಿಸಿಕೊಳ್ಳುವವರೂ ಉಂಟು. ಜೊತೆಗೆ ಬ್ರೆಡ್ಡು, ಕೇರ್‌ಫಿಲಿ ಚೀಸು. ಹಿಂದಿನವರದು ಮರದ ಬಟ್ಟಲು, ಮರದ ಚಮಚ. ತುಟಿ ಸುಡುವ ಭಯವಿಲ್ಲ.

ಮಸಾಲೆಯೇ? ಕರಿಮೆಣಸೊಂದೇ. ನಾವು ಮೊದಲ ಬಾರಿ ಕೈ ತಡೆಯಲಾರದೆ ಲವಂಗ, ದಾಲ್ಚಿನ್ನಿ ಹಾಕಿದೆವು. ಸೊಗಸಾದ ಕುರ್ಮವಾಯಿತು, ಕೌಲ್ ಆಗಲಿಲ್ಲ.