ಊರಿಗೆ ಮದ್ಯದಂಗಡಿ ಬೇಕೋ ಬೇಡವೋ, ಹೇಳುವವರು ಯಾರು?

ಹೆಗ್ಗೋಡಿನಂಥ ಊರಿನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ, ಬೀಡಿಯ ಜೊತೆ 90 ಎಂಎಲ್ ಮದ್ಯದ ಪ್ಯಾಕೆಟ್ಟೂ ಸಿಕ್ಕರೆ? ಅದು ಅಪರಾಧ. ಲೈಸೆನ್ಸ್ ಇಲ್ಲದೆ ಒಂದೇ ಪ್ಯಾಕೆಟ್ ಮಾರಿದರೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಕೇಸು ಹಾಕಬಹುದು.

ಲೈಸೆನ್ಸ್‌ನಲ್ಲೂ ಬಗೆಗಳಿವೆ. ಸಿಎಲ್-2 ಅಂದರೆ ವೈನ್ ಶಾಪ್. ಸೀಲಾದ ಬಾಟಲಿ ಕೊಂಡು ಹೊರಡಬೇಕು, ಅಲ್ಲೇ ನಿಂತು ಕುಡಿಯುವಂತಿಲ್ಲ. ಕೂತು ಕುಡಿಯಲು ಸಿಎಲ್-9, ಅಂದರೆ ಬಾರ್. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರ ಇರಬೇಕೆಂಬ ನಿಯಮವೂ ಇದೆ.

ಟೇಪು ಹಿಡಿದರೆ ದೂರ ಅಳೆಯಬಹುದು. ಆದರೆ ಊರಿಗೆ ಅಂಗಡಿ ಬೇಕೇ ಎಂಬಲ್ಲಿ ಕೊನೆಯ ಮಾತು ಗ್ರಾಮಸಭೆಯದಲ್ಲ, ಅಬಕಾರಿ ಇಲಾಖೆಯದು. ನನಗೆ ತಪ್ಪು ಅನ್ನಿಸುವುದು ಇದೇ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಆ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಬಂತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು ಹೋದ ನಡಿಗೆ ಅದು.

ಪಕ್ಕದ ಮಹಾರಾಷ್ಟ್ರ ನೋಡಿ. ಅಲ್ಲಿ ಊರ ಮಹಿಳೆಯರು ಮತದಾನಕ್ಕೆ ಒತ್ತಾಯಿಸಬಹುದು. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಮತದಾರರು ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿಗೆ ಬೀಗ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಹೆಂಗಸರಿಗೂ ಆ ಹಕ್ಕು ಬೇಕು.

ಅಲ್ಲಿಯವರೆಗೆ, ಕದ್ದು ಮಾರುವುದು ಕಂಡರೆ ಅಬಕಾರಿ ಕಚೇರಿಗೆ ಬರೆದು ದೂರು ಕೊಡಿ. ಸ್ವೀಕೃತಿ ಪತ್ರ ಕೇಳಿ ಪಡೆಯಿರಿ.