ಕಾರಿನ ಎಂಜಿನ್‌ನಿಂದ ‘ಟಕ್ ಟಕ್’ ಸದ್ದು ಬರುತ್ತಿದೆಯೇ? ಗಾಡಿ ಓಡಿಸಬೇಕೋ, ನಿಲ್ಲಿಸಬೇಕೋ ಎಂದು ಹೀಗೆ ತಿಳಿಯಿರಿ

ಕಲಬುರಗಿ, ವಿಜಯಪುರ ಕಡೆಯಿಂದ ಸೊಲ್ಲಾಪುರ ಮಾರ್ಗವಾಗಿ ಪುಣೆಗೆ ಕಾರಿನಲ್ಲಿ ಹೋಗುವವರಿಗೆ ಇಂದಾಪುರ ಹೊಸ ಹೆಸರೇನಲ್ಲ. ಉಜನಿ ಜಲಾಶಯದ ಸಮೀಪ, ರಾಷ್ಟ್ರೀಯ ಹೆದ್ದಾರಿ 65ರಲ್ಲಿರುವ ಪುಣೆ ಜಿಲ್ಲೆಯ ತಾಲೂಕು ಕೇಂದ್ರವಿದು. ಸೊಲ್ಲಾಪುರಕ್ಕಾಗಲಿ, ಪುಣೆಗಾಗಲಿ ಇಲ್ಲಿಂದ 100 ಕಿ.ಮೀ.ಗಿಂತ ಹೆಚ್ಚು ದೂರ. ಇಂತಹ ಜಾಗದಲ್ಲಿ ಬಾನೆಟ್ ಒಳಗಿನಿಂದ ‘ಟಕ್ ಟಕ್’ ಸದ್ದು ಶುರುವಾದರೆ ಏನು ಮಾಡಬೇಕು? ಹೇಗಾದರೂ ಊರು ಮುಟ್ಟೋಣ ಎಂದು ಓಡಿಸಬೇಕೋ, ಅಲ್ಲೇ ನಿಲ್ಲಿಸಿ ಟೋಯಿಂಗ್ ಗಾಡಿ ಕರೆಸಬೇಕೋ?

ಈ ಒಂದು ನಿರ್ಧಾರವೇ ಕೆಲವೊಮ್ಮೆ ಸಣ್ಣ ರಿಪೇರಿಗೂ ಎಂಜಿನ್ ಬದಲಾವಣೆಗೂ ಇರುವ ವ್ಯತ್ಯಾಸ. ಸದ್ದು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ ಎನ್ನುವುದು ಮುಖ್ಯ.

ಮೊದಲ ಐದು ನಿಮಿಷ ಏನು ಮಾಡಬೇಕು?

ರಸ್ತೆ ಬದಿಯ ಸುರಕ್ಷಿತ, ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಡ್ಯಾಶ್‌ಬೋರ್ಡ್‌ನಲ್ಲಿ ಎಣ್ಣೆ ಡಬ್ಬಿಯ ಆಕಾರದ ಕೆಂಪು ದೀಪ ಹೊತ್ತಿಕೊಂಡಿದ್ದರೆ ಎಂಜಿನ್ ತಕ್ಷಣ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಹೆಚ್ಚಿನ ಕಾರುಗಳಲ್ಲಿ ಈ ದೀಪ ತೋರಿಸುವುದು ಆಯಿಲ್ ಪ್ರಮಾಣವನ್ನಲ್ಲ, ಆಯಿಲ್ ಒತ್ತಡ ಕುಸಿದಿರುವುದನ್ನು. ಅದು ಹೊತ್ತಿತೆಂದರೆ ಬೇರಿಂಗ್‌ಗಳಿಗೆ ಆಯಿಲ್ ಸರಿಯಾಗಿ ತಲುಪುತ್ತಿಲ್ಲ ಎಂದೇ ಅರ್ಥ.

ದೀಪ ಹೊತ್ತಿರದಿದ್ದರೂ ಎಂಜಿನ್ ಆಫ್ ಮಾಡಿ ಐದರಿಂದ ಹತ್ತು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಒಳಗಿಟ್ಟು ಹೊರತೆಗೆದು ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಕಂಪನಿ ಸೂಚಿಸಿದ ದರ್ಜೆಯ ಆಯಿಲ್ ಹಾಕಿ. ಆ ಬಳಿಕವೂ ಸದ್ದು ಹೋಗದಿದ್ದರೆ ಪ್ರಯಾಣ ಮುಂದುವರಿಸುವುದು ಅಪಾಯ. ಟೆಂಪರೇಚರ್ ಮುಳ್ಳು ಮೇಲೇರಿದ್ದರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ.

ಸದ್ದು ನಿಜಕ್ಕೂ ಎಂಜಿನ್‌ನದೇ?

ಗಾಡಿ ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಎಂಜಿನ್ ವೇಗಕ್ಕೆ ತಕ್ಕಂತೆ ಸದ್ದಿನ ತಾಳವೂ ಏರಿದರೆ ಮೂಲ ಎಂಜಿನ್ ಅಥವಾ ಅದಕ್ಕೆ ಜೋಡಿಸಿದ ಭಾಗಗಳಲ್ಲಿದೆ. ನಿಂತಾಗ ಸದ್ದಿಲ್ಲ, ಚಕ್ರ ಉರುಳಿದಾಗ ಅಥವಾ ಹಂಪ್ ಹತ್ತಿಳಿದಾಗ ಮಾತ್ರ ಬರುತ್ತದೆ ಎಂದಾದರೆ ಸಸ್ಪೆನ್ಷನ್ ಅಥವಾ ಆಕ್ಸಲ್ ಕಡೆ ನೋಡಬೇಕು. ಸ್ಟಾರ್ಟ್ ಮಾಡುವಾಗ, ಗೇರ್ ಹಾಕುವಾಗ ಒಮ್ಮೆ ‘ಧಡ್’ ಎಂದರೆ ಎಂಜಿನ್ ಮೌಂಟಿಂಗ್ ಸವೆದಿರಬಹುದು. ಸಡಿಲವಾದ ಕೆಳಗಿನ ಗಾರ್ಡ್, ಸೈಲೆನ್ಸರ್ ಬಳಿಯ ತಗಡು, ಬೆಲ್ಟ್ ಪುಲ್ಲಿ ಕೂಡ ಎಂಜಿನ್ ಬಡಿತದಂತೆಯೇ ಕೇಳಿಸಿ ದಾರಿ ತಪ್ಪಿಸುತ್ತವೆ.

ನಾಲ್ಕು ಸದ್ದು, ನಾಲ್ಕು ಕಾರಣ

1. ಏರು ಹತ್ತುವಾಗ ‘ಕಿಣಿ ಕಿಣಿ’: ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂತೆ ಕೇಳುವ ಸದ್ದಿದು. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ಎಲ್ಲೆಡೆ ಹರಡುವ ಮೊದಲೇ, ಉಳಿದ ಇಂಧನ ಮಿಶ್ರಣ ಒತ್ತಡ ಮತ್ತು ಶಾಖಕ್ಕೆ ತಾನಾಗಿಯೇ ಸಿಡಿಯುವುದರಿಂದ ಇದು ಉಂಟಾಗುತ್ತದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಇಂದಾಪುರ ಸುತ್ತಮುತ್ತಲ ರಸ್ತೆಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್ ಹಿಂದೆ ವೇಗ ತಗ್ಗಿಸಿ, ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಹೀಗೆ ಮುಲುಗುತ್ತದೆ. ಒಂದು ಗೇರ್ ಇಳಿಸಿದಾಗ ಸದ್ದು ನಿಂತರೆ ಕಾರಣ ಬಹುತೇಕ ಇದೇ. ಪದೇ ಪದೇ ಬರುತ್ತಿದ್ದರೆ ಎಂಜಿನ್ ಒಳಗೆ ಕಟ್ಟಿದ ಕಾರ್ಬನ್, ತಪ್ಪು ಸ್ಪಾರ್ಕ್ ಪ್ಲಗ್, ಅತಿಯಾದ ಬಿಸಿ ಅಥವಾ ಕಲಬೆರಕೆ ಇಂಧನ ಕಾರಣವಿರಬಹುದು.

2. ಮೇಲಿನಿಂದ ‘ಟಿಕ್ ಟಿಕ್’: ಹೊಲಿಗೆ ಯಂತ್ರದಂತೆ ಹಗುರಾಗಿ ಕೇಳುವ ಈ ಸದ್ದು ಸಾಮಾನ್ಯವಾಗಿ ಟ್ಯಾಪೆಟ್‌ಗಳದು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡ್‌ಗಳಲ್ಲಿ ನಿಂತರೆ ಗಾಬರಿ ಬೇಡ. ನಿಲ್ಲದಿದ್ದರೆ ಆಯಿಲ್ ನೋಡಿ, ಟ್ಯಾಪೆಟ್ ಅಂತರ ಪರೀಕ್ಷಿಸಿ.

3. ತಣ್ಣಗಿರುವಾಗ ಮಾತ್ರ ‘ಟೊಕ್ ಟೊಕ್’: ಎಂಜಿನ್ ಬಿಸಿಯಾದಂತೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುತ್ತಿರಬಹುದು. ಬಿಸಿಗೆ ಪಿಸ್ಟನ್ ಹಿಗ್ಗಿ ಅಂತರ ತುಂಬುವುದರಿಂದ ಸದ್ದು ಅಡಗುತ್ತದೆ. ಇದು ಸವೆತದ ಲಕ್ಷಣ. ಆಯಿಲ್ ಖರ್ಚಾಗುತ್ತಿದೆಯೇ ಎಂದು ಗಮನಿಸುತ್ತಾ ಮುಂದಿನ ಸರ್ವಿಸ್‌ನಲ್ಲಿ ತೋರಿಸಬಹುದು.

4. ಕೆಳಗಿನಿಂದ ‘ಧಕ್ ಧಕ್’: ಇದೇ ಅಪಾಯಕಾರಿ ಸದ್ದು. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಾಗ, ವೇಗ ಹೆಚ್ಚಿಸಿದಾಗ ಮತ್ತು ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕ್ಷಣದಲ್ಲಿ ಇದು ಸ್ಪಷ್ಟವಾಗಿ ಕೇಳುತ್ತದೆ. ಪಿಸ್ಟನ್ ಅನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದಿರುವ ಸೂಚನೆ ಇದು. ಹೀಗೇ ಓಡಿಸಿದರೆ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ಒಡೆದು ಹೊರಬರಬಹುದು.

ಡೀಸೆಲ್ ಎಂಜಿನ್‌ಗೆ ತನ್ನದೇ ಬಡಿತ ಇರುತ್ತದೆ. ಆದರೆ ಅದು ಇದ್ದಕ್ಕಿದ್ದಂತೆ ಜೋರಾಗಿ, ಹೊಗೆಯೂ ಹೆಚ್ಚಾದರೆ ಇಂಜೆಕ್ಟರ್ ಪರೀಕ್ಷಿಸಬೇಕು.

ಎಥೆನಾಲ್ ಪೆಟ್ರೋಲ್‌ನಿಂದ ಬಡಿತ ಹೆಚ್ಚಾಗುತ್ತದೆಯೇ?

ಕಬ್ಬು ಬೆಳೆಯುವ ಈ ಪ್ರದೇಶದಲ್ಲೂ, ಕರ್ನಾಟಕದಲ್ಲೂ ಕೇಳಿಬರುವ ಪ್ರಶ್ನೆ ಇದು. ತಾನಾಗಿಯೇ ಸಿಡಿಯದೆ ಇಂಧನ ಎಷ್ಟು ತಡೆಯಬಲ್ಲದು ಎಂಬುದನ್ನು ಆಕ್ಟೇನ್ ಸಂಖ್ಯೆ ಹೇಳುತ್ತದೆ. ಎಥೆನಾಲ್‌ನ ಆಕ್ಟೇನ್ ಸಂಖ್ಯೆ ಸಾಮಾನ್ಯ ಪೆಟ್ರೋಲ್‌ಗಿಂತ ಹೆಚ್ಚು, 100ಕ್ಕೂ ಮೇಲೆ. ಹಾಗಾಗಿ ಶೇ 20ರಷ್ಟು ಎಥೆನಾಲ್ ಇರುವ ಇ20 ಪೆಟ್ರೋಲ್ ಮೊದಲ ಬಗೆಯ ಸದ್ದನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಇದಕ್ಕೆ ರೂಪಿಸದ ಹಳೆಯ ಗಾಡಿಗಳಲ್ಲಿ ರಬ್ಬರ್ ಭಾಗಗಳ ಸವೆತ, ಮೈಲೇಜ್ ಇಳಿಕೆ ಬೇರೆಯೇ ವಿಷಯ.

ಇದೇ ಸದ್ದು ತಡೆಯಲು ಹಿಂದೆ ಪೆಟ್ರೋಲ್‌ಗೆ ಸೀಸ ಬೆರೆಸುತ್ತಿದ್ದರು. ಸೀಸ ಆರೋಗ್ಯಕ್ಕೆ ಮಾರಕವಾದ್ದರಿಂದ ಭಾರತದಲ್ಲಿ 2000ದಲ್ಲಿ ಸೀಸಯುಕ್ತ ಪೆಟ್ರೋಲ್ ಕೈಬಿಡಲಾಯಿತು. ಈಗಿನ ಅನೇಕ ಕಾರುಗಳಲ್ಲಿ ಬಡಿತ ಗುರುತಿಸುವ ನಾಕ್ ಸೆನ್ಸರ್ ಇದ್ದು, ಕಿಡಿ ಹೊತ್ತುವ ಸಮಯವನ್ನು ಕಂಪ್ಯೂಟರ್ ತಾನೇ ಹಿಂದೆ ಸರಿಸುತ್ತದೆ. ಆಗ ಸದ್ದು ಕೇಳಿಸದಿದ್ದರೂ ಪಿಕ್‌ಅಪ್ ಮತ್ತು ಮೈಲೇಜ್ ಕುಸಿಯಬಹುದು.

ಗ್ಯಾರೇಜ್‌ನಲ್ಲಿ ಏನು ಪರೀಕ್ಷೆ ಮಾಡಿಸಬೇಕು?

ಅನುಭವಿ ಮೆಕ್ಯಾನಿಕ್‌ಗಳು ಸ್ಟೆತಸ್ಕೋಪ್ ಅಥವಾ ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು ಸದ್ದಿನ ಜಾಗ ಹುಡುಕುತ್ತಾರೆ. ನಂತರ ಒಂದೊಂದೇ ಸಿಲಿಂಡರ್‌ನ ಕಿಡಿ ಅಥವಾ ಇಂಧನ ನಿಲ್ಲಿಸಿ ಕೇಳುತ್ತಾರೆ. ಯಾವ ಸಿಲಿಂಡರ್ ನಿಲ್ಲಿಸಿದಾಗ ಬಡಿತ ತಗ್ಗುತ್ತದೋ ಅಲ್ಲಿನ ರಾಡ್ ಬೇರಿಂಗ್ ಮೇಲೆ ಅನುಮಾನ. ಮೀಟರ್ ಜೋಡಿಸಿ ಆಯಿಲ್ ಒತ್ತಡ ಅಳೆಯುವುದು, ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಹುಡುಕುವುದು ಮುಂದಿನ ಹಂತ. ಮಿನುಗುವ ಚೂರು ಸಿಕ್ಕರೆ ಸಂಪ್ ಬಿಚ್ಚಿ ಬೇರಿಂಗ್ ನೋಡಲೇಬೇಕು.

ಈ ಪರೀಕ್ಷೆಗಳಾವುವೂ ನಡೆಯದೆ ‘ಎಂಜಿನ್ ಪೂರ್ತಿ ಬಿಚ್ಚಬೇಕು’ ಎಂದರೆ ಕಾರಣ ಕೇಳುವುದು ಗ್ರಾಹಕರ ಹಕ್ಕು. ಹಾಗೆಯೇ ದಪ್ಪ ಆಯಿಲ್ ಸುರಿದು ಸದ್ದು ಅಡಗಿಸುವುದು ರಿಪೇರಿಯಲ್ಲ, ಅದು ಸವೆತವನ್ನು ಮರೆಮಾಚುತ್ತದೆ ಅಷ್ಟೇ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎಂಜಿನ್ ಪೂರ್ತಿ ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಕಿವಿಗೊಡುವುದು ಒಳ್ಳೆಯದು.

ಹೆದ್ದಾರಿಯಲ್ಲಿ ನೆನಪಿಡಬೇಕಾದ್ದು

ಗೇರ್ ಇಳಿಸಿದಾಗ ನಿಲ್ಲುವ ಸದ್ದಾದರೆ ನಿಧಾನವಾಗಿ ಊರು ಮುಟ್ಟಬಹುದು. ಕೆಳಗಿನಿಂದ ಬರುವ ಭಾರವಾದ ಬಡಿತವಾದರೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ನೆರವು ಕೇಳಬಹುದು. ವಿಮೆಯಲ್ಲಿ ರಸ್ತೆಬದಿ ನೆರವಿನ ಸೌಲಭ್ಯ ಇದೆಯೇ ಎಂದೂ ನೋಡಿ. ಎಂಜಿನ್ ಆಫ್ ಮಾಡುವ ಮೊದಲು, ಆಯಿಲ್ ದೀಪ ಹೊತ್ತಿರದಿದ್ದರೆ ಮಾತ್ರ, ಹತ್ತು ಸೆಕೆಂಡ್ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗ್ಯಾರೇಜ್ ತಲುಪಿದಾಗ ಸದ್ದು ಬಾರದೇ ಹೋದರೆ ಮೆಕ್ಯಾನಿಕ್‌ಗೆ ಕೇಳಿಸಲು ಅದೇ ನೆರವಾಗುತ್ತದೆ.