ಮನೆಯ ಮರಗೆಲಸದ ಕೊಠಡಿಯಲ್ಲಿ ಸೂಕ್ಷ್ಮಧೂಳಿನ ನಿವಾರಣೆ

ಗೃಹೋದ್ಯೋಗಗಳನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಗಳು ಬಹುಮಟ್ಟಿಗೆ ಬಂಡವಾಳ, ಮಾರುಕಟ್ಟೆ, ಕಸಬಿನ ಶಿಕ್ಷಣ ಎಂಬ ಮೂರು ವಿಷಯಗಳ ಸುತ್ತಲೇ ತಿರುಗುತ್ತಿರುತ್ತವೆ. ಕಸಬುದಾರನು ದಿನವಿಡೀ ಸೇವಿಸುವ ಗಾಳಿಯ ವಿಚಾರ ಅವುಗಳಲ್ಲಿ ಬರುವುದು ವಿರಳ. ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಿಂದ ಬೇರ್ಪಟ್ಟು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಸಿರವಾರವನ್ನೂ ಅದರ ಸುತ್ತಣ ಗ್ರಾಮಗಳನ್ನೂ ದೃಷ್ಟಿಯಲ್ಲಿಟ್ಟುಕೊಂಡು, ಮನೆಯಲ್ಲಿಯೇ ನಡೆಯುವ ಮರಗೆಲಸದಿಂದ ಏಳುವ ಸೂಕ್ಷ್ಮಧೂಳಿನ ಸ್ವರೂಪವನ್ನೂ ಅದರ ನಿವಾರಣೋಪಾಯಗಳನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

1. ಕಸಬಿನ ಬದಲಾವಣೆ

ಹಿಂದೆ ಹನ್ನೆರಡು ಆಯಗಾರರಲ್ಲಿ ಒಬ್ಬನಾಗಿದ್ದ ಬಡಿಗನು ಕೂರಿಗೆ, ಕುಂಟೆ, ಬಂಡಿ, ಬಾಗಿಲುಗಳನ್ನು ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯವನ್ನು ಪಡೆಯುತ್ತಿದ್ದನು. ಅವನ ಉಪಕರಣಗಳು ಬಾಚಿ, ಉಳಿ, ಕೊಡತಿ, ಕೈಗರಗಸ, ತೋಪಡಾ ಇಷ್ಟೇ. ಬಾಚಿಯಿಂದ ಚಕ್ಕೆ ಏಳುತ್ತದೆ; ತೋಪಡಾದಿಂದ ಸುರುಳಿ ಸುರುಳಿಯಾದ ಹೊಟ್ಟು ಬೀಳುತ್ತದೆ. ಇವು ಭಾರವಾದವುಗಳಾದ್ದರಿಂದ ಕಾಲ ಬುಡದಲ್ಲಿಯೇ ಉಳಿಯುತ್ತವೆ. ಕೆಲಸವೂ ಹೆಚ್ಚಾಗಿ ಬೇವಿನ ನೆರಳಿನಲ್ಲಿಯೋ ಬಯಲ ಚಪ್ಪರದಲ್ಲಿಯೋ ನಡೆಯುತ್ತಿತ್ತು.

ಈಗ ವಿದ್ಯುತ್ತಿನಿಂದ ತಿರುಗುವ ಗರಗಸವೂ ಉಜ್ಜುವ ಯಂತ್ರವೂ ಸಣ್ಣ ಬಡಿಗನ ಕೈಗೂ ಬಂದಿವೆ. ಜಾಲಿ, ಬೇವು, ತೇಗಗಳ ಜೊತೆಗೆ ಪ್ಲೈವುಡ್ಡು ಮತ್ತು ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು ಬಳಕೆಗೆ ಬಂದಿವೆ. ಯಂತ್ರವಿರುವ ಕಾರಣದಿಂದಲೇ ಕೆಲಸವು ಬಯಲನ್ನು ಬಿಟ್ಟು ಗೋಡೆಗಳ ಒಳಗೆ ಬಂದಿದೆ. ಈ ಪ್ರಾಂತದ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಾದರೋ ಬೇಸಗೆಯ ಉರಿಬಿಸಿಲನ್ನು ತಡೆಯುವುದಕ್ಕಾಗಿ ದಪ್ಪ ಗೋಡೆ, ಕೆಲವೇ ಕಿಟಕಿ, ಮಾಳಿಗೆಯಲ್ಲೊಂದು ಬೆಳಕಿಂಡಿ ಇಟ್ಟು ಕಟ್ಟಿದವು. ಬಿಸಿಲನ್ನು ಹೊರಗಿಡುವ ಆ ಗೋಡೆಗಳೇ ಧೂಳನ್ನು ಒಳಗೆ ಹಿಡಿದಿಡುತ್ತವೆ.

2. ಸೂಕ್ಷ್ಮಕಣದ ಲಕ್ಷಣ

ಕಣದ ಗಾತ್ರವನ್ನು ಮೈಕ್ರಾನಿನಲ್ಲಿ, ಎಂದರೆ ಮಿಲಿಮೀಟರಿನ ಸಾವಿರದ ಒಂದನೆಯ ಪಾಲಿನಲ್ಲಿ, ಅಳೆಯುತ್ತಾರೆ. ಒಂದು ಮಿಲಿಮೀಟರು ಅಂಚಿನ ಮರದ ಘನವನ್ನು 10 ಮೈಕ್ರಾನಿನ ಘನಗಳಾಗಿ ಒಡೆದರೆ ಹತ್ತು ಲಕ್ಷ ಕಣಗಳಾಗುತ್ತವೆ. 1 ಮೈಕ್ರಾನಿನ ಘನಗಳಾಗಿ ಒಡೆದರೆ ನೂರು ಕೋಟಿ. ಉಜ್ಜುಕಾಗದವು ಮಾಡುವುದು ಇಂತಹ ಕೆಲಸವನ್ನೇ.

ಈ ಕಣಗಳ ವಿಶೇಷವೆಂದರೆ ಅವು ಬೀಳುವ ನಿಧಾನ. ನಿಶ್ಚಲವಾದ ಗಾಳಿಯಲ್ಲಿ ಸಣ್ಣ ಕಣವೊಂದು ಬೀಳುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆಂಬುದು ಸ್ಟೋಕ್ಸನ ನಿಯಮದಿಂದ ವಿದಿತವಾಗಿದೆ. ನೀರಿನಷ್ಟು ಸಾಂದ್ರತೆಯುಳ್ಳ 10 ಮೈಕ್ರಾನಿನ ಕಣವು ಸೆಕೆಂಡಿಗೆ ಸುಮಾರು 3 ಮಿಲಿಮೀಟರು ಇಳಿಯುತ್ತದೆ. ಮೂಗಿನ ಎತ್ತರದಿಂದ, ಎಂದರೆ ಒಂದೂವರೆ ಮೀಟರಿನಿಂದ, ನೆಲವನ್ನು ಮುಟ್ಟಲು ಅದಕ್ಕೆ ಎಂಟು ಹತ್ತು ನಿಮಿಷ ಸಾಕು. 1 ಮೈಕ್ರಾನಿನ ಕಣಕ್ಕೆ ಅಷ್ಟೇ ದೂರಕ್ಕೆ ಹೆಚ್ಚುಕಡಿಮೆ 12 ಗಂಟೆಗಳು ಬೇಕು. ಮರದ ಕಣವು ನೀರಿಗಿಂತ ಹಗುರವಾದರೆ ಇನ್ನೂ ತಡವಾದೀತು. ಸಂಜೆ ಯಂತ್ರವನ್ನು ನಿಲ್ಲಿಸಿದ ಮೇಲೆ ಬಡಿಗನು ಊಟಕ್ಕೆ ಏಳುತ್ತಾನೆ. ಆ ಧೂಳು ರಾತ್ರಿಯೆಲ್ಲ ಅದೇ ಕೊಠಡಿಯಲ್ಲಿ, ಮಕ್ಕಳು ಮಲಗುವ ಪಡಸಾಲೆಯ ಪಕ್ಕದಲ್ಲಿ, ತೇಲುತ್ತಿರುತ್ತದೆ. ಕಣ್ಣಿಗೆ ಕಾಣುವ ಹೊಟ್ಟನ್ನು ಗುಡಿಸಿದ ಮಾತ್ರಕ್ಕೆ ಕೊಠಡಿ ಶುದ್ಧವಾಯಿತೆಂದು ಭಾವಿಸುವುದು ಸರಿಯಲ್ಲ.

3. ದೇಹದ ಮೇಲಣ ಪರಿಣಾಮ

10 ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಪಾಲು ಮೂಗು ಗಂಟಲುಗಳಲ್ಲಿಯೇ ನಿಲ್ಲುತ್ತವೆ. ಸುಮಾರು 4 ಮೈಕ್ರಾನಿಗಿಂತ ಚಿಕ್ಕವು ಶ್ವಾಸಕೋಶದ ಗಾಳಿಗೂಡುಗಳವರೆಗೂ ಹೋಗಬಲ್ಲವು. ಇವೆರಡರಲ್ಲಿ ಯಾವುದೂ ನಿರಪಾಯಕರವಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಹೈ ವೈಕಂಬ್ ಪ್ರದೇಶದ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಒಳಭಾಗದ ಒಂದು ವಿರಳವಾದ ಅರ್ಬುದವು ಅಸಾಮಾನ್ಯವಾಗಿ ಕಂಡುಬರುತ್ತಿದೆಯೆಂಬುದನ್ನು ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿಗಳು ಗುರುತಿಸಿದರು. 1968ರಲ್ಲಿ ಅದರ ವಿವರವಾದ ಅಧ್ಯಯನ ಪ್ರಕಟವಾಯಿತು. ಧೂಳಿನ ಸೇವನೆ ಆರಂಭವಾಗಿ ದಶಕಗಳು ಕಳೆದ ಮೇಲೆ ಈ ರೋಗ ತಲೆದೋರುತ್ತದೆ. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಮರದ ಧೂಳನ್ನು ಮನುಷ್ಯನಲ್ಲಿ ಅರ್ಬುದವನ್ನುಂಟುಮಾಡುವ ಪದಾರ್ಥಗಳ ಮೊದಲನೆಯ ವರ್ಗಕ್ಕೆ ಸೇರಿಸಿತು.

ಇದಲ್ಲದೆ ಉಬ್ಬಸ, ಮೂಗಿನ ಉರಿ, ಚರ್ಮದ ತುರಿಗಳೂ ಉಂಟು. ತೇಗ ಮತ್ತು ಬೀಟೆಯ ಧೂಳಿನಲ್ಲಿರುವ ಕೆಲವು ರಾಸಾಯನಿಕಗಳು ಚರ್ಮವನ್ನು ಕೆರಳಿಸುತ್ತವೆ. ಒತ್ತಿ ಮಾಡಿದ ಹಲಗೆಗಳಲ್ಲಿ ಸಾಮಾನ್ಯವಾಗಿರುವ ಯೂರಿಯಾ–ಫಾರ್ಮಾಲ್ಡಿಹೈಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲವು ಹೊರಡುತ್ತದೆ. ಅದು ಕೂಡ ಅದೇ ಮೊದಲನೆಯ ವರ್ಗಕ್ಕೆ ಸೇರಿದ್ದು.

4. ಎಷ್ಟು ಧೂಳು ಹೆಚ್ಚೆನಿಸುತ್ತದೆ?

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನ ಸಂಸ್ಥೆಯ ಶಿಫಾರಸಿನ ಪ್ರಕಾರ ಕೆಲಸದ ದಿನದ ಸರಾಸರಿಯಲ್ಲಿ ಒಂದು ಘನಮೀಟರು ಗಾಳಿಗೆ 1 ಮಿಲಿಗ್ರಾಂ ಮರದ ಧೂಳನ್ನು ಮೀರಬಾರದು. ಯೂರೋಪಿಯನ್ ಒಕ್ಕೂಟದಲ್ಲಿ ಗಟ್ಟಿಮರದ ಧೂಳಿಗೆ 2023ರ ಜನವರಿಯಿಂದ 2 ಮಿಲಿಗ್ರಾಮಿನ ಮಿತಿ ಜಾರಿಗೆ ಬಂದಿತು. ಈ ಸಂಖ್ಯೆಗಳ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು.

4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರದ ಕೊಠಡಿಯಲ್ಲಿ 36 ಘನಮೀಟರು ಗಾಳಿಯಿರುತ್ತದೆ. ಅದರಲ್ಲಿ 36 ಮಿಲಿಗ್ರಾಂ ಧೂಳು ತೇಲಿದರೆ ಮೊದಲು ಹೇಳಿದ ಮಿತಿ ತುಂಬಿದಂತಾಯಿತು. ತೇಗದ ಸಾಂದ್ರತೆಯನ್ನು ನೀರಿನ 0.65ರಷ್ಟು ಎಂದು ಹಿಡಿದರೆ 36 ಮಿಲಿಗ್ರಾಂ ಎಂಬುದು ಒಂದು ತೊಗರಿಕಾಳಿಗಿಂತಲೂ ಚಿಕ್ಕದಾದ ಮರದ ತುಣುಕು. ಈಗ ಒಂದು ಮೀಟರು ಉದ್ದ, 30 ಸೆಂಟಿಮೀಟರು ಅಗಲದ ಹಲಗೆಯ ಮೇಲ್ಮೈಯನ್ನು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಉಜ್ಜಿದರೆಂದುಕೊಳ್ಳೋಣ. ಹೊರಡುವ ಧೂಳು ಸುಮಾರು 20 ಗ್ರಾಂ. ಅದರಲ್ಲಿ ಐನೂರರ ಒಂದು ಪಾಲು ಮಾತ್ರ ಗಾಳಿಯಲ್ಲಿ ನಿಂತರೂ 40 ಮಿಲಿಗ್ರಾಂ ಆಗುತ್ತದೆ. ಒಂದೇ ಹಲಗೆಯಿಂದ ಇಡೀ ಕೊಠಡಿಯ ಗಾಳಿ ಮಿತಿಯನ್ನು ಮುಟ್ಟುತ್ತದೆ. ಬಡಿಗನು ದಿನಕ್ಕೆ ಉಜ್ಜುವ ಹಲಗೆಗಳು ಹಲವಾರು.

5. ಉಗಮಸ್ಥಾನದಲ್ಲಿ ಹಿಡಿಯುವುದು

ಆದ್ದರಿಂದ ಧೂಳು ಹರಡಿದ ಮೇಲೆ ಅದನ್ನು ಹುಡುಕುವುದಕ್ಕಿಂತ ಹುಟ್ಟಿದ ಸ್ಥಳದಲ್ಲಿಯೇ ಹಿಡಿಯುವುದು ಪ್ರಥಮೋಪಾಯ. ಇಲ್ಲಿ ಒಂದು ತತ್ತ್ವವನ್ನು ಗಮನಿಸತಕ್ಕದ್ದು. ಹಣತೆಯನ್ನು ಮೊಳದುದ್ದ ದೂರದಿಂದ ಊದಿ ಆರಿಸಬಹುದು. ಆದರೆ ಅಷ್ಟೇ ದೂರದಿಂದ ಉಸಿರನ್ನು ಒಳಗೆಳೆದು ಆರಿಸಲಾಗದು. ಊದಿದ ಗಾಳಿ ಒಂದೇ ದಿಕ್ಕಿನಲ್ಲಿ ಸಾಗುತ್ತದೆ; ಹೀರುವ ಬಾಯಿಗೆ ಗಾಳಿಯು ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಹೀರುಗೊಳವೆಯ ಬಾಯಿಯಿಂದ ಅದರ ವ್ಯಾಸದಷ್ಟು ದೂರ ಹೋಗುವಷ್ಟರಲ್ಲಿ ಗಾಳಿಯ ವೇಗ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದಿರುತ್ತದೆ. ಗೊಳವೆಯ ಬಾಯಿ ಗರಗಸದ ಹಲ್ಲಿಗೆ, ಉಜ್ಜುವ ತಟ್ಟೆಗೆ ತಾಗಿದಂತೆ ಇರಬೇಕೆಂಬುದಕ್ಕೆ ಕಾರಣವಿದೇ. ಉಜ್ಜುವ ಯಂತ್ರದಲ್ಲಿ ಧೂಳು ಹೊರಬೀಳುವ ನಳಿಕೆಯಿದ್ದರೆ ಅದಕ್ಕೆ ಹೀರುಯಂತ್ರವನ್ನು ಜೋಡಿಸತಕ್ಕದ್ದು.

ಹೀರಿದ ಧೂಳನ್ನು ಗಾಳಿಯಿಂದ ಬೇರ್ಪಡಿಸುವ ಸಾಧನವನ್ನು ಈ ಜಿಲ್ಲೆಯ ವಿದ್ಯಾರ್ಥಿಗಳು ಅಕ್ಕಿಯ ಗಿರಣಿಗಳಲ್ಲಿ ನೋಡಬಹುದು. ತಲೆಕೆಳಗಾದ ಶಂಕುವಿನಂತಿರುವ ಆ ತಗಡಿನ ಪಾತ್ರೆಯಲ್ಲಿ ಗಾಳಿ ಸುಳಿಯಾಗಿ ತಿರುಗಿದಾಗ ಭಾರವಾದ ಕಣಗಳು ಗೋಡೆಗೆ ಒತ್ತಿ ಕೆಳಗೆ ಜಾರುತ್ತವೆ. ಬಕೀಟಿನ ಮೇಲೆ ಕೂರಿಸುವ ಚಿಕ್ಕ ಸುಳಿಪಾತ್ರೆಗಳು ಬಡಿಗನಿಗೂ ದೊರೆಯುತ್ತವೆ. ಆದರೆ ಅತಿಸೂಕ್ಷ್ಮ ಕಣಗಳು ಸುಳಿಯೊಡನೆಯೇ ಹೊರಟುಹೋಗುತ್ತವೆ. ಬರಿಯ ಬಟ್ಟೆಯ ಚೀಲ ಕಟ್ಟಿದರೆ ಹೊಟ್ಟು ಚೀಲದಲ್ಲಿ ನಿಂತು, ಕೆಡುಕುಂಟುಮಾಡುವ ಭಾಗವು ಕೊಠಡಿಗೆ ಮರಳುತ್ತದೆ. ಸುಳಿಯ ನಂತರ ಉತ್ತಮ ಶೋಧಕವಿರಬೇಕು. ಇಲ್ಲವೆ ಯಂತ್ರದ ಹೊರಗಾಳಿಯನ್ನು ಜನರು ಓಡಾಡದ ಕಡೆಗೆ ಬಿಡಬೇಕು.

6. ಗಾಳಿಯ ಬದಲಾವಣೆ

ಹಿಡಿತಕ್ಕೆ ತಪ್ಪಿದ ಧೂಳಿಗೆ ಗಾಳಿಯ ಬದಲಾವಣೆಯೇ ಉಪಾಯ. ಗೋಡೆಗೆ ಕೂರಿಸುವ ಫ್ಯಾನು ಗಂಟೆಗೆ 720 ಘನಮೀಟರು ಗಾಳಿಯನ್ನು ಹೊರಹಾಕಿದರೆ 36 ಘನಮೀಟರಿನ ಕೊಠಡಿಯ ಗಾಳಿ ಮೂರು ನಿಮಿಷಕ್ಕೊಮ್ಮೆ ಬದಲಾದಂತೆ. ಆದರೂ ಮೂರೇ ನಿಮಿಷಗಳಲ್ಲಿ ಧೂಳೆಲ್ಲ ಹೋಗುವುದಿಲ್ಲ. ಹೊಸ ಗಾಳಿ ಹಳೆಯದರೊಡನೆ ಬೆರೆಯುವುದರಿಂದ ಮೊದಲ ಮೂರು ನಿಮಿಷಕ್ಕೆ ನೂರಕ್ಕೆ 63ರಷ್ಟೂ ಒಂಬತ್ತು ನಿಮಿಷಕ್ಕೆ ನೂರಕ್ಕೆ 95ರಷ್ಟೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕಾಲು ಗಂಟೆ ಫ್ಯಾನು ತಿರುಗಲಿ ಎಂಬ ನಿಯಮಕ್ಕೆ ಆಧಾರ ಈ ಲೆಕ್ಕವೇ. ಫ್ಯಾನಿನ ಎದುರು ಗೋಡೆಯಲ್ಲಿ ಗಾಳಿ ಒಳಬರುವ ದಾರಿ ಇಲ್ಲದಿದ್ದರೆ ಫ್ಯಾನು ವ್ಯರ್ಥವಾಗಿ ತಿರುಗುತ್ತದೆ. ಬಡಿಗನು ಗಾಳಿ ಬರುವ ದಾರಿಗೂ ಧೂಳಿಗೂ ನಡುವೆ ನಿಲ್ಲಬೇಕೇ ಹೊರತು ಧೂಳಿಗೂ ಫ್ಯಾನಿಗೂ ನಡುವೆ ನಿಲ್ಲಬಾರದು.

ಸಿರವಾರದ ಸೀಮೆಯಲ್ಲಿ ಆಷಾಢದ ಗಾಳಿ ಪಡುವಣದಿಂದ ಬಲವಾಗಿ ಬೀಸುತ್ತದೆ. ಪಡುವಣ ಗೋಡೆಗೆ ಫ್ಯಾನನ್ನು ಕೂರಿಸಿದರೆ ಹೊರಗಾಳಿಯು ಅದನ್ನು ಹಿಂದೆ ತಳ್ಳುತ್ತದೆ. ಮೂಡಣ ಗೋಡೆಯೇ ಲೇಸು. ಬಾಗಿಲುಗಳನ್ನು ತೆರೆದಿಟ್ಟರೆ ಸಾಲದೇ ಎಂದು ಕೇಳಬಹುದು. ಗಾಳಿ ಇಲ್ಲದ ದಿನ ಅದರಿಂದ ಪ್ರಯೋಜನ ಅಲ್ಪ. ಗಾಳಿ ಇರುವ ದಿನ ಎರೆಹೊಲದ ಮಣ್ಣೂ ಒಳಗೆ ಬರುತ್ತದೆ, ಮರದ ಧೂಳೂ ಅಡಿಗೆಮನೆಯ ಕಡೆಗೆ ಸಾಗುತ್ತದೆ. ಮನೆಯೊಳಕ್ಕೆ ಹೋಗುವ ಬಾಗಿಲನ್ನು ಮುಚ್ಚಿ ಹೊರಗೋಡೆಯ ದಾರಿಯನ್ನು ತೆರೆಯುವುದು ಅವಶ್ಯ. ಮಾಳಿಗೆಯ ಪಂಖವಾದರೋ ಧೂಳನ್ನು ಹೊರಹಾಕುವುದಿಲ್ಲ, ಕುಳಿತದ್ದನ್ನು ಎಬ್ಬಿಸುತ್ತದೆ.

7. ಗುಡಿಸುವ ಕ್ರಮ ಮತ್ತು ಮುಖಕವಚ

ಒಣ ಪೊರಕೆಯೂ, ಬಟ್ಟೆಯನ್ನು ಝಾಡಿಸುವುದೂ, ಗಾಳಿಯಂತ್ರದಿಂದ ಮೈಮೇಲಿನ ಧೂಳನ್ನು ಊದುವುದೂ ಕುಳಿತ ಕಣಗಳನ್ನು ಮತ್ತೆ ಎಬ್ಬಿಸುತ್ತವೆ. ನಮ್ಮ ಮನೆಗಳಲ್ಲಿ ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ ಕಸ ಗುಡಿಸುವ ಪದ್ಧತಿಯುಂಟು. ಅದನ್ನೇ ಮರಗೆಲಸದ ಕೊಠಡಿಗೂ ಅನ್ವಯಿಸಬೇಕು. ಯಂತ್ರಗಳ ವಿದ್ಯುತ್ತನ್ನು ಕಡಿದು, ನೆಲಕ್ಕೆ ತೇವ ಕೊಟ್ಟು, ಹಲಗೆಗೂಡುಗಳನ್ನು ಹಸಿಬಟ್ಟೆಯಿಂದ ಒರಸುವುದು ಯೋಗ್ಯ. ಒಣಧೂಳು ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಬೀಡಿ ಮತ್ತು ಒಲೆಗಳಿಂದ ಅದನ್ನು ದೂರವಿಡಬೇಕು. ರಾಯಚೂರಿನಿಂದ 1997ರಲ್ಲಿ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಮರದ ಹೊಟ್ಟನ್ನು ಹುಣಿಸೆಬೀಜದ ಅಂಟಿನೊಡನೆ ಕಲಸಿ ತಮ್ಮ ಗೊಂಬೆಗಳಿಗೆ ಬಳಸುತ್ತಾರೆ. ಕಲಸಿದ ಹೊಟ್ಟು ತೇಲಲಾರದು. ಒಣಗಿದ ಮೇಲೆ ಉಜ್ಜುವಾಗ ಮಾತ್ರ ಮತ್ತೆ ಎಚ್ಚರಿಕೆ ಬೇಕು.

ಹೆಗಲ ವಸ್ತ್ರವನ್ನು ಮೂಗಿಗೆ ಕಟ್ಟಿಕೊಳ್ಳುವುದು ಹೊಟ್ಟನ್ನು ತಡೆಯುತ್ತದೆ, ಸೂಕ್ಷ್ಮಕಣವನ್ನು ತಡೆಯಲಾರದು. ಎನ್95 ಅಥವಾ ಎಫ್‌ಎಫ್‌ಪಿ2 ದರ್ಜೆಯ ಮುಖಕವಚವು ಮುಖಕ್ಕೆ ಬಿಗಿಯಾಗಿ ಕುಳಿತಾಗ ಮಾತ್ರ ಪ್ರಯೋಜನಕಾರಿ. ಗಡ್ಡವಿದ್ದಲ್ಲಿ ಗಾಳಿ ಸಂದಿಯಿಂದಲೇ ನುಗ್ಗುತ್ತದೆ. ಕವಚವು ಅದನ್ನು ಧರಿಸಿದವನೊಬ್ಬನನ್ನು ಕಾಯುತ್ತದೆ; ಬಾಗಿಲಲ್ಲಿ ಕುಳಿತು ನೋಡುವ ಮಗುವನ್ನು ಕಾಯುವುದಿಲ್ಲ. ಆದ್ದರಿಂದಲೇ ಅದಕ್ಕೆ ಕೊನೆಯ ಸ್ಥಾನ.

8. ಉಪಸಂಹಾರ

1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಕಲಮು ಧೂಳಿನ ನಿವಾರಣೆಯನ್ನು ಮಾಲೀಕನ ಕರ್ತವ್ಯವನ್ನಾಗಿ ಮಾಡಿತು. ಆದರೆ ವಿದ್ಯುತ್ತನ್ನು ಬಳಸುವ ಕಡೆ ಹತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಸಾಮಾನ್ಯವಾಗಿ ಅದು ಕಾರ್ಖಾನೆ ಎನಿಸುತ್ತಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸುರಕ್ಷತಾ ಸಂಹಿತೆಯು ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ತಂದೆ ಮಕ್ಕಳು ದುಡಿಯುವ ಮನೆಗೆ ಇವೆರಡರ ರಕ್ಷಣೆಯೂ ತಲುಪುವಂತಿಲ್ಲ. ಅಲ್ಲಿಗೆ ಪರೀಕ್ಷಕನು ಹೋಗುವುದಿಲ್ಲವಾದ್ದರಿಂದ ತಿಳಿವಳಿಕೆಯಾದರೂ ಹೋಗಬೇಕು. ಭೌತಶಾಸ್ತ್ರದ ಅಧ್ಯಾಪಕರು ಸ್ಟೋಕ್ಸನ ನಿಯಮವನ್ನು ಬೋಧಿಸುವಾಗ ಎಣ್ಣೆಯಲ್ಲಿ ಬೀಳುವ ಗುಂಡಿನ ಜೊತೆಗೆ ಬಡಿಗನ ಕೊಠಡಿಯ ಕಣವನ್ನೂ ಉದಾಹರಿಸಿದರೆ, ಆ ಮನೆಗಳಿಂದಲೇ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನೆಗೆ ಕೊಂಡೊಯ್ಯುವರು. ಹುಟ್ಟಿದಲ್ಲಿ ಹಿಡಿಯುವುದು, ತಪ್ಪಿದ್ದನ್ನು ಹೊರಹಾಕುವುದು, ಕುಳಿತದ್ದನ್ನು ತೇವದಿಂದ ತೆಗೆಯುವುದು, ಉಳಿದುದಕ್ಕೆ ಕವಚ ಧರಿಸುವುದು: ಈ ಕ್ರಮವನ್ನು ಅನುಸರಿಸಲು ದೊಡ್ಡ ಬಂಡವಾಳ ಬೇಕಾಗಿಲ್ಲ.